ಪೆನ್ಸಿಲ್ಲಿನ ಅಕ್ಷರ, ಇಂಕಿನ ರುಜು

ಕಳೆದ ವರ್ಷ ನನ್ನ ಸಂಶೋಧನಾ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಒಂದು ತಪ್ಪು ನುಸುಳಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲೂಕುಗಳ ತೆಂಗಿನ ಸೀಮೆಯಲ್ಲಿ ಜಮೀನಿನ ದಾಖಲೆಗಳನ್ನು ಯಾರು ಬರೆದರು, ಹೇಗೆ ಬರೆದರು ಎಂಬುದು ನನ್ನ ವಿಷಯ. ಒಂದು ಊರಿನ ಹಳೆಯ ಕೈಬರಹದ ಪುಸ್ತಕದ ಹತ್ತಾರು ಪುಟಗಳ ಫೋಟೊ ನನ್ನ ಬಳಿ ಇತ್ತು. ಅಕ್ಷರ ಮೋಡಿಯಾಗಿತ್ತು, ಅಂಚನ್ನು ಹುಳ ತಿಂದಿತ್ತು. ಗಡುವು ಹತ್ತಿರವಿದ್ದುದರಿಂದ, ಈಗ ಬಹುತೇಕ ಎಲ್ಲರ ಫೋನಿನಲ್ಲೂ ಇರುವಂಥ ಒಂದು ಎಐ ಸಾಧನಕ್ಕೆ ಆ ಫೋಟೊಗಳನ್ನು ಕೊಟ್ಟು ಓದಿಸಿದೆ. ಅರ್ಧ ನಿಮಿಷದಲ್ಲಿ ಅಚ್ಚುಕಟ್ಟಾದ ಕನ್ನಡದಲ್ಲಿ ಪುಟವೆಲ್ಲ ಬಂತು. ಎರಡು ಮೂರು ಸಾಲು ತಾಳೆ ನೋಡಿದೆ, ಸರಿಯಿತ್ತು. ಉಳಿದದ್ದನ್ನು ಹಾಗೇ ಅಧ್ಯಾಯಕ್ಕೆ ಸೇರಿಸಿಕೊಂಡೆ.

ಆ ಕರಡನ್ನು ನಿವೃತ್ತ ಗ್ರಾಮಲೆಕ್ಕಿಗರೊಬ್ಬರಿಗೆ ತೋರಿಸಿದೆ. ನನಗೆ ಹಳೆಯ ಲೆಕ್ಕದ ಭಾಷೆ ಕಲಿಸಿದವರು ಅವರೇ. ಕನ್ನಡಕ ಮೇಲೇರಿಸಿಕೊಂಡು ಓದುತ್ತ ಹೋದವರು ಒಂದು ಕಡೆ ಬೆರಳಿಟ್ಟು ನಿಂತರು. “ಇಲ್ಲಿ ಹನ್ನೆರಡು ಗುಂಟೆ ಖರೀದಿ ಅಂತ ಬರೆದಿದ್ದೀಯಲ್ಲಮ್ಮ, ಯಾರು ಖರೀದಿ ಮಾಡಿದ್ದು?” ನಾನು ಫೋಟೊ ತೆಗೆದು ತೋರಿಸಿದೆ. ಅಲ್ಲಿ ‘ಖರಾ’ ಎಂಬಷ್ಟೇ ಉಳಿದಿತ್ತು, ಮುಂದಿನದು ಹುಳದ ಪಾಲಾಗಿತ್ತು. “ಇದು ಖರಾಬು ಕಣಮ್ಮ. ಬ ಖರಾಬು. ಬಂಡಿ ಹಾದಿ ಅದು, ಆ ಊರಿನ ತೋಟಗಳ ಕಾಯೆಲ್ಲ ಅದರ ಮೇಲೇ ಆಚೆ ಬರಬೇಕು.”

ಕಂದಾಯದ ಭಾಷೆ ಗೊತ್ತಿಲ್ಲದವರಿಗಾಗಿ ಒಂದು ಮಾತು. ಸಾಗುವಳಿಗೆ ಬಾರದ ನೆಲ ಖರಾಬು. ಅದರಲ್ಲಿ ಎರಡು ಬಗೆ. ಹಿಡುವಳಿದಾರನ ಸರ್ವೆ ನಂಬರಿನೊಳಗೇ ಇದ್ದು ಕಂದಾಯವಿಲ್ಲದ ಬಂಡೆ, ದಿಬ್ಬದಂಥದು ‘ಅ’ ಖರಾಬು. ಹಾದಿ, ಹಳ್ಳ, ಕಟ್ಟೆಯಂಥ ಸಾರ್ವಜನಿಕರ ಬಳಕೆಯದು ‘ಬ’ ಖರಾಬು. ಖರಾಬು ಖರೀದಿಯಾದರೆ ಊರಿನ ಹಾದಿ ಒಬ್ಬನ ಸ್ವತ್ತಾಗುತ್ತದೆ.

“ಆ ಹಾದಿ ಮೇಲೆ ಈಗಲೂ ಎರಡು ಮನೆಯವರಿಗೆ ಜಗಳ ಇದೆ. ನಾಳೆ ನಿನ್ನ ಪುಸ್ತಕ ಹಿಡ್ಕಂಡು ಯಾರಾದ್ರೂ ಕೋರ್ಟಿಗೆ ಹೋದ್ರೆ ಏನ್ ಮಾಡ್ತೀಯ?” ಎಂದರು. ಇದು ನಾನು ಓದಿದ್ದಲ್ಲ, ಎಐ ಓದಿದ್ದು ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಅದು ಓದಿಲ್ಲ, ಅಂದಾಜು ಮಾಡಿದೆ. ನಾವೂ ಅಂದಾಜು ಮಾಡ್ತಿದ್ವಿ. ಆದ್ರೆ ಖಾತ್ರಿ ಆಗೋವರ್ಗೂ ಪೆನ್ಸಿಲಲ್ಲಿ ಬರ್ಕಂತಿದ್ವಿ. ಖಾತ್ರಿ ಆದ್ಮೇಲೆ ಇಂಕು, ಇಂಕಾದ್ಮೇಲೆ ರುಜು. ನಿನ್ನ ಎಐ ಎಲ್ಲಾನೂ ಇಂಕಲ್ಲೇ ಬರೆಯುತ್ತಲ್ಲಮ್ಮ.”

ಈ ಮಾತು ನನ್ನನ್ನು ಬಿಡಲಿಲ್ಲ. ಸರ್ಕಾರಿ ನೌಕರರು ಜನರೇಟಿವ್ ಎಐ ಬಳಸಲು, ಅಂದರೆ ಕೇಳಿದ್ದಕ್ಕೆ ತಾನೇ ಹೊಸದಾಗಿ ಬರೆದುಕೊಡುವ ಕೃತಕ ಬುದ್ಧಿಮತ್ತೆಯನ್ನು ಕಚೇರಿಯ ಕೆಲಸಕ್ಕೆ ತೆಗೆದುಕೊಳ್ಳಲು ಸಿದ್ಧರಿದ್ದಾರೆಯೇ ಎಂಬ ಪ್ರಶ್ನೆ ಈಗ ತರಬೇತಿ ಶಿಬಿರಗಳಲ್ಲಿ, ವಿಶ್ವವಿದ್ಯಾಲಯಗಳ ಪ್ರಶ್ನಾವಳಿಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಇಂಥ ಪ್ರಶ್ನಾವಳಿಗಳ ಹಿಂದೆ ಸಾಮಾನ್ಯವಾಗಿ 1989ರಲ್ಲಿ ಅಮೆರಿಕದ ಫ್ರೆಡ್ ಡೇವಿಸ್ ರೂಪಿಸಿದ ಮಾದರಿಯ ನೆರಳಿರುತ್ತದೆ. ಹೊಸ ತಂತ್ರಜ್ಞಾನವನ್ನು ಜನ ಒಪ್ಪುವುದು ಎರಡು ಕಾರಣಕ್ಕೆ ಎಂದು ಆ ಮಾದರಿ ಹೇಳುತ್ತದೆ: ಅದರಿಂದ ಉಪಯೋಗವಿದೆ ಅನ್ನಿಸಬೇಕು, ಬಳಸುವುದು ಸುಲಭ ಅನ್ನಿಸಬೇಕು. ತಾಲೂಕು ಕಚೇರಿಯ ಚರಿತ್ರೆ ಓದಿದವರಿಗೆ ಮೂರನೆಯ ಪ್ರಶ್ನೆಯೊಂದು ಕಾಣುತ್ತದೆ. ತಪ್ಪಾದರೆ ಯಾರ ತಲೆಗೆ ಬರುತ್ತದೆ? ನಮ್ಮ ಸೀಮೆಯಲ್ಲಿ ಬರೆಯುವ ಸಾಧನ ಬದಲಾದಾಗಲೆಲ್ಲ ನೌಕರರು ಹೆದರಿದ್ದೂ ಒಪ್ಪಿದ್ದೂ ಬಹುಪಾಲು ಈ ಮೂರನೆಯ ಪ್ರಶ್ನೆಗೆ ಸಿಕ್ಕ ಉತ್ತರದ ಮೇಲೆ ಎಂದು ನನಗನ್ನಿಸುತ್ತದೆ.

ಮೊದಲು ಶಾನುಭೋಗರ ಕಾಲ. 1800ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ತೆಂಗು, ಅಡಿಕೆಯ ತೋಟಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ. ಎಷ್ಟು ಮರ, ಎಷ್ಟು ಕಾಯಿ, ಎಷ್ಟು ಕಂದಾಯ ಎಂಬ ಮಾಹಿತಿಗೆ ಅವನು ಊರಿನ ರೈತರನ್ನೂ ಲೆಕ್ಕ ಬರೆಯುವವರನ್ನೂ ನೆಚ್ಚಿಕೊಳ್ಳಬೇಕಿತ್ತು, ಮತ್ತು ಅವರು ಹೇಳಿದ್ದೆಲ್ಲ ನಿಜವೇ ಎಂಬ ಅನುಮಾನ ಅವನ ಬರಹದುದ್ದಕ್ಕೂ ಇದೆ. ಆಗ ಲೆಕ್ಕ ಬರೆಯುತ್ತಿದ್ದದ್ದು ಕಡತದ ಮೇಲೆ. ಬಟ್ಟೆಗೆ ಇದ್ದಿಲ ಪುಡಿ ಸೇರಿಸಿದ ಅಂಟನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಬಹುದು, ಮತ್ತೆ ಬರೆಯಬಹುದು. ಇವತ್ತು ಕಚೇರಿಯ ಫೈಲಿಗೆ ನಾವು ಹೇಳುವ ‘ಕಡತ’ ಎಂಬ ಮಾತು ಅಲ್ಲಿಂದ ಬಂದದ್ದು.

ಶಾನುಭೋಗರ ಕಾಲವನ್ನು ಹೊಗಳುವ ಉದ್ದೇಶ ನನಗಿಲ್ಲ. ಅದು ವಂಶಪಾರಂಪರ್ಯದ ಹುದ್ದೆ. ಅಕ್ಷರ ಬಲ್ಲವರು ಊರಿಗೆ ಒಂದೆರಡು ಮನೆಯವರಿದ್ದಾಗ, ತನ್ನ ಜಮೀನಿನ ಬಗ್ಗೆ ಏನು ಬರೆದಿದೆ ಎಂದು ಓದಿ ನೋಡುವ ಶಕ್ತಿಯೇ ಉಳುವವನಿಗೆ ಇರಲಿಲ್ಲ. ಆದರೂ ತಪ್ಪಾದರೆ ಯಾರನ್ನು ಕೇಳಬೇಕೆಂಬುದು ಊರಿಗೆಲ್ಲ ಗೊತ್ತಿತ್ತು. ಕೇಳುವ ಧೈರ್ಯವಿತ್ತೇ ಎಂಬುದು ಬೇರೆ ಮಾತು.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಶಾನುಭೋಗಿಕೆ ಮುಗಿಯಿತು. ಸಂಬಳದ, ವರ್ಗಾವಣೆಯಾಗುವ ಗ್ರಾಮಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆಯ ವ್ಯವಸ್ಥೆಯಲ್ಲಿ ಇವತ್ತಿನ ಪಹಣಿ ರೂಪುಗೊಂಡಿತು. ಯಾರ ಹೆಸರಿನಲ್ಲಿದೆ, ಎಷ್ಟು ವಿಸ್ತೀರ್ಣ, ಯಾವ ಸಾಲ, ಯಾರು ಉಳುತ್ತಿದ್ದಾರೆ, ಯಾವ ಬೆಳೆ ಎಂದು ಕಾಲಂ ಕಾಲಂ ಆಗಿ ಬರೆಯುವ ಕೆಲಸ ಗ್ರಾಮಲೆಕ್ಕಿಗರದಾಯಿತು. ಅದರ ತೂಕ ಊರುಗಳಿಗೆ ಚೆನ್ನಾಗಿ ಗೊತ್ತಾದದ್ದು ದೇವರಾಜ ಅರಸು ಅವರ ಕಾಲದಲ್ಲಿ, 1974ರ ಭೂಸುಧಾರಣಾ ತಿದ್ದುಪಡಿಯ ನಂತರ. ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತಾಗ, ಸಾಗುವಳಿದಾರರ ಕಾಲಂನಲ್ಲಿ ಅವರ ಹೆಸರಿದೆಯೇ ಎಂಬುದು ದೊಡ್ಡ ಸಾಕ್ಷಿ. ಒಬ್ಬ ನೌಕರ ಒಂದು ಸಾಲು ಬರೆದಿದ್ದರೆ ಒಂದು ಕುಟುಂಬಕ್ಕೆ ನೆಲ. ಬರೆಯದೆ ಬಿಟ್ಟಿದ್ದರೆ ಅಲೆದಾಟ.

ಮುಂದೆ ಬಂದದ್ದು ‘ಭೂಮಿ’. ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕಂದಾಯ ಇಲಾಖೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆ, ಅವನ್ನು ಇಟ್ಟುಕೊಂಡಿದ್ದವರು ಸುಮಾರು 9,000 ಗ್ರಾಮಲೆಕ್ಕಿಗರು. 2002ರ ಹೊತ್ತಿಗೆ ಆಗಿನ 177 ತಾಲೂಕುಗಳಲ್ಲೂ ಭೂಮಿ ಕೇಂದ್ರಗಳು ತೆರೆದವು. ಹದಿನೈದು ರೂಪಾಯಿ ಕೊಟ್ಟರೆ ಪಹಣಿಯ ಅಚ್ಚುಪ್ರತಿ ಅಲ್ಲೇ ಕೈಗೆ ಬರುತ್ತಿತ್ತು.

ಇದನ್ನು ಈಗ ‘ತಂತ್ರಜ್ಞಾನದ ಗೆಲುವು’ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಒಳಗಿನ ಕೆಲಸವನ್ನು ನೋಡಬೇಕು. ಖಾಸಗಿಯವರು ಅಕ್ಷರ ಕೂರಿಸಿದರು. ಅಚ್ಚಾಗಿ ಬಂದ ಪ್ರತಿಯನ್ನು ಮೂಲ ಪುಸ್ತಕದೊಂದಿಗೆ ತಾಳೆ ನೋಡಿದವರು ಗ್ರಾಮಲೆಕ್ಕಿಗರೇ. ತಮ್ಮ ಅಧಿಕಾರವನ್ನು ಕಿತ್ತುಕೊಳ್ಳಲಿರುವ ಯಂತ್ರಕ್ಕೆ ಅವರೇ ತಪ್ಪು ತಿದ್ದಿ ಕೊಡಬೇಕಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು, ನೋಟಿಸು ಕೊಟ್ಟು ಮೂವತ್ತು ದಿನ ತಕರಾರಿಗೆ ಕಾಯಬೇಕು, ಒಪ್ಪಿಗೆ ಕೊಡುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು ಎಂಬ ಏರ್ಪಾಟು ಬಂತು. ಯಾರು, ಯಾವ ದಿನ, ಏನನ್ನು ಬದಲಿಸಿದರು ಎಂಬುದು ದಾಖಲಾಗುತ್ತಿತ್ತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಲಾಯಿತು. ಹಿಂದಕ್ಕೆ ಹೋಗುವ ದಾರಿ ಮುಚ್ಚಿತು.

ನನಗೆ ಪಾಠ ಹೇಳಿದ ಆ ನಿವೃತ್ತರು ಆಗ ನಡುವಯಸ್ಸಿನವರು. “ಭಯ ಆಗಿತ್ತಾ ಸಾರ್?” ಎಂದು ಕೇಳಿದ್ದೆ. “ಕೆಲಸ ಹೋಗುತ್ತೆ ಅಂತ ಭಯ ಇತ್ತು. ಮರ್ಯಾದೆ ಹೋಗುತ್ತೆ ಅಂತ ಇನ್ನೂ ಜಾಸ್ತಿ ಇತ್ತು. ಆದ್ರೆ ಒಂದು ನೆಮ್ಮದಿ ಸಿಕ್ತು. ಅಲ್ಲೀವರ್ಗೂ ಊರಲ್ಲಿ ಏನೇ ಹೆಚ್ಚುಕಮ್ಮಿ ಆದ್ರೂ ಲೆಕ್ಕಿಗನೇ ಕಳ್ಳ. ಭೂಮಿ ಬಂದ್ಮೇಲೆ ನಾನು ಒತ್ತಿದ್ದು ಯಾವುದು, ಇನ್ನೊಬ್ಬರು ಒತ್ತಿದ್ದು ಯಾವುದು ಅಂತ ತೋರಿಸಬಹುದಿತ್ತು.” ಕೇಂದ್ರಗಳ ಬಳಕೆ ನೆಲೆಯೂರಲು ಈ ನೆಮ್ಮದಿಯೂ ಕಾರಣವಾಗಿರಬೇಕು. ಹೊಣೆಯನ್ನು ಯಂತ್ರ ಬೇರ್ಪಡಿಸಿ ತೋರಿಸಿತು.

ಭೂಮಿಯಲ್ಲಿ ಎಲ್ಲವೂ ಸರಿಯಾಯಿತು ಎನ್ನಲಾಗದು. ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನ, ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಭೂವ್ಯವಹಾರಸ್ಥರಿಗೇ ಹೆಚ್ಚು ಅನುಕೂಲವಾಯಿತು, ಊರಿನ ಮಟ್ಟದ ಲಂಚ ಮೇಲಕ್ಕೆ ಹೋಯಿತು ಎಂದು ವಾದಿಸಿತು. ಇನ್ನೊಂದು ತೊಡಕನ್ನು ಹಳ್ಳಿಯವರೆಲ್ಲ ಬಲ್ಲರು. ಅಕ್ಷರ ಕೂರಿಸುವಾಗ ಆದ ತಪ್ಪುಗಳು ಕಂಪ್ಯೂಟರಿನಲ್ಲಿ ಗಟ್ಟಿಯಾಗಿ ಕುಳಿತವು. ನನ್ನ ಅಜ್ಜಿಯ ಹೆಸರು ಸಿದ್ದಗಂಗಮ್ಮ. ಪಹಣಿಯಲ್ಲಿ ‘ಗಂಗಮ್ಮ’ ಆಗಿತ್ತು. ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು. ಅದನ್ನು ತಿದ್ದಿಸಲು ಅಪ್ಪ ಅಲೆದದ್ದು ನನಗೆ ನೆನಪಿದೆ. ಕೈಬರಹದ ಕಾಲದಲ್ಲಾಗಿದ್ದರೆ ಒಬ್ಬನನ್ನು ಹಿಡಿದು ಕೇಳಬಹುದಿತ್ತು. ಈಗ ಕಿಟಕಿಯ ಆಚೆ ಕುಳಿತವರು ‘ಕಂಪ್ಯೂಟರಲ್ಲಿ ಹೀಗಿದೆ’ ಎನ್ನುತ್ತಿದ್ದರು. ಇಂಥವುಗಳಿಗೆಂದೇ ಸರ್ಕಾರ ಕಂದಾಯ ಅದಾಲತ್ತುಗಳನ್ನು ನಡೆಸಬೇಕಾಯಿತು.

ಹೆಸರಿನ ಒಂದಕ್ಷರ ತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು ಕೊಬ್ಬರಿಯ ಲೆಕ್ಕ ನೋಡಬೇಕು. ನಮ್ಮ ಸೀಮೆಯ ಉಂಡೆ ಕೊಬ್ಬರಿಗೆ ಅವಸರವಿಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನತೊಡಗುತ್ತದೆ. ಆಮೇಲೆ ಸುಲಿದು, ಒಡೆದು, ಚೀಲಕ್ಕೆ ತುಂಬಿ ತಿಪಟೂರು ಮಾರುಕಟ್ಟೆಗೆ. ವರ್ಷವಿಡೀ ಕಾದ ಮೇಲೆ ಬೆಲೆ ಬಿದ್ದಿದ್ದರೆ ರೈತನಿಗೆ ಉಳಿಯುವ ದಾರಿ ನಾಫೆಡ್ ಖರೀದಿ ಕೇಂದ್ರ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ, ಮೇಲೆ ರಾಜ್ಯದ 1,500 ರೂಪಾಯಿ ಪ್ರೋತ್ಸಾಹಧನ. ಹೊರಗೆ ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿತ್ತು. ಫೆಬ್ರವರಿಯಲ್ಲಿ ನಡೆದ ನೋಂದಣಿಯಲ್ಲಿ ಅಕ್ರಮವಾಗಿದೆ ಎಂಬ ದೂರುಗಳು ಎದ್ದು, ಅದನ್ನು ರದ್ದುಪಡಿಸಿ ಮಾರ್ಚ್‌ನಲ್ಲಿ ಹೊಸದಾಗಿ ನೋಂದಣಿ ಮಾಡಬೇಕಾಯಿತು. ಜನ ರಾತ್ರಿಯೆಲ್ಲ ಸಾಲಿನಲ್ಲಿ ನಿಂತರು.

ಆ ಸಾಲಿನಲ್ಲಿ ನಿಂತವರ ಕೈಯಲ್ಲಿ ಇರಬೇಕಾದದ್ದು ಫ್ರೂಟ್ಸ್ ಗುರುತಿನ ಸಂಖ್ಯೆ. ಫ್ರೂಟ್ಸ್ ಎಂದರೆ ರಾಜ್ಯದ ರೈತರ ನೋಂದಣಿ ತಂತ್ರಾಂಶ. ಅದು ಭೂಮಿಯ ಪಹಣಿಯನ್ನು ನೋಡುತ್ತದೆ. ಜಮೀನಿನಲ್ಲಿ ತೆಂಗಿದೆ ಎಂದು ಬೆಳೆ ಸಮೀಕ್ಷೆ ಹೇಳಬೇಕು. ಸಮೀಕ್ಷೆಯ ಫೋಟೊ ಆ್ಯಪಿನಲ್ಲಿ ಹೋಗಬೇಕು. ಈ ಕೊಂಡಿಗಳಲ್ಲಿ ಒಂದು ಕಡೆ ‘ರಾಗಿ’ ಎಂದೋ ‘ಬೀಳು’ ಎಂದೋ ದಾಖಲಾಗಿದ್ದರೆ, ಎಪ್ಪತ್ತು ವರ್ಷದ ಮರಗಳು ತೋಟದಲ್ಲಿ ನಿಂತಿದ್ದರೂ ಲೆಕ್ಕಕ್ಕಿಲ್ಲ. ತಾಲೂಕು ಕಚೇರಿಯ ಬರವಣಿಗೆಯಲ್ಲಿ ಆಗುವ ತಪ್ಪಿಗೆ ಹೀಗೆ ಕ್ವಿಂಟಲಿನ ಲೆಕ್ಕದಲ್ಲಿ ಬೆಲೆ ತೆರಬೇಕಾಗುತ್ತದೆ.

ಈಗ ನೌಕರರ ಕಡೆ ತಿರುಗೋಣ. ‘ಸರ್ಕಾರಿ ನೌಕರರು ಹೊಸತಕ್ಕೆ ಒಗ್ಗುವುದಿಲ್ಲ’ ಎಂಬುದು ಹಳೆಯ ದೂರು. 2012ರಲ್ಲಿ ರಾಜ್ಯ ಸರ್ಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳನ್ನು ತಂದು, ಪಾಸಾಗುವುದನ್ನು ಬಡ್ತಿಗೆ ಜೋಡಿಸಿತು. ಪಾಸಾಗಲು ಕೊಟ್ಟ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ನೌಕರರ ಹಿಂಜರಿಕೆಗೆ ಇದನ್ನೇ ಸಾಕ್ಷಿಯಾಗಿ ಕೊಡುವವರಿದ್ದಾರೆ. ಆದರೆ 2024ರ ಸೆಪ್ಟೆಂಬರ್ ಕೊನೆಯಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಕೇಳಿಬಂದ ಮಾತೇ ಬೇರೆ. ಹಳೆಯ ಗ್ರಾಮಲೆಕ್ಕಿಗರ ಹುದ್ದೆಗೆ ಈಗಿನ ಹೆಸರು ಗ್ರಾಮ ಆಡಳಿತಾಧಿಕಾರಿ. ಬೆಳೆ ಸಮೀಕ್ಷೆ, ಪಹಣಿಗೆ ಆಧಾರ್ ಜೋಡಣೆ, ಸರ್ಕಾರಿ ಜಮೀನು ಗುರುತಿಸುವ ಲ್ಯಾಂಡ್ ಬೀಟ್, ಬಗರ್‌ಹುಕುಂ ಅರ್ಜಿಗಳ ಪರಿಶೀಲನೆ, ಹೀಗೆ ಒಂದರ ಮೇಲೊಂದು ಆ್ಯಪ್ ಅವರ ಮೇಲೆ ಬಿದ್ದಿದ್ದವು. ಕೂರಲು ಸರಿಯಾದ ಕಚೇರಿ ಕೊಡಿ, ಕುರ್ಚಿ ಮೇಜು ಕೊಡಿ, ಲ್ಯಾಪ್‌ಟಾಪ್ ಕೊಡಿ, ಮೊಬೈಲ್ ಕೊಡಿ, ಒತ್ತಡ ಇಳಿಸಿ ಎಂಬುದು ಅವರ ಬೇಡಿಕೆ. 2025ರ ಫೆಬ್ರವರಿಯಲ್ಲಿ ಮತ್ತೆ ಹೋರಾಟಕ್ಕೆ ಇಳಿದರು. ತಂತ್ರಜ್ಞಾನ ಬೇಡವೆಂದು ಕೂತವರಲ್ಲ ಇವರು. ತಮ್ಮ ಸ್ವಂತ ಫೋನಿನಲ್ಲಿ, ಸ್ವಂತ ದುಡ್ಡಿನ ಡೇಟಾದಲ್ಲಿ ರಾಜ್ಯದ ಡಿಜಿಟಲ್ ಆಡಳಿತವನ್ನು ಹೊತ್ತವರು. ಅವರನ್ನು ಸಿದ್ಧರಿಲ್ಲ ಎಂದು ಕರೆಯುವುದಾದರೆ ‘ಸಿದ್ಧತೆ’ ಎಂಬ ಪದವನ್ನೇ ಮತ್ತೆ ತೂಗಿ ನೋಡಬೇಕು.

ಈ ಹೊರೆಯ ಮೇಲೆ ಈಗ ಎಐ ಬರುತ್ತಿದೆ. ಬಂದಿದೆ ಎನ್ನುವುದೇ ಸರಿ. ಪತ್ರದ ಕರಡು, ಸಭೆಯ ನಡಾವಳಿ, ಇಂಗ್ಲಿಷ್ ಸುತ್ತೋಲೆಯ ಕನ್ನಡ ಅನುವಾದ ಇವಕ್ಕೆಲ್ಲ ಫೋನು ತೆಗೆಯುವ ನೌಕರರನ್ನು ನಾನೇ ನೋಡಿದ್ದೇನೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿರಲು ಕಾರಣವೂ ಇದೆ. ಒಂದು ಕಡೆ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 10,372 ಕೋಟಿ ರೂಪಾಯಿಯ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು, ನೌಕರರಿಗೆ ಆನ್‌ಲೈನ್ ಎಐ ಪಾಠಗಳೂ ಇವೆ. ಇನ್ನೊಂದು ಕಡೆ 2025ರ ಜನವರಿ 29ರಂದು ಕೇಂದ್ರ ಹಣಕಾಸು ಸಚಿವಾಲಯ, ಸರ್ಕಾರಿ ದಾಖಲೆಗಳ ಗೋಪ್ಯತೆಗೆ ಅಪಾಯವೆಂದು, ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥ ಸಾಧನಗಳನ್ನು ಬಳಸದಂತೆ ತನ್ನ ನೌಕರರಿಗೆ ಸೂಚಿಸಿತು. ಕಲಿ ಎನ್ನುವ ಮಾತೂ ಮುಟ್ಟಬೇಡ ಎನ್ನುವ ಮಾತೂ ಒಟ್ಟಿಗೇ ಕೇಳುತ್ತಿರುವಾಗ ಕೆಳಗಿನ ನೌಕರ ಮಾಡುವುದು ಒಂದೇ, ಬಳಸಿ ಸುಮ್ಮನಿರುವುದು. ಹೀಗೆ ಗುಟ್ಟಾಗಿ ಬಳಸುವಾಗ ತಪ್ಪಾದರೆ ಇಡೀ ತಪ್ಪು ಅವನ ತಲೆಗೇ.

ಹಿಂದಿನ ಸಾಧನಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಕಡತ, ಪುಸ್ತಕ, ಭೂಮಿ ಇವು ಮೂರೂ ಯಾರೋ ಬರೆದದ್ದನ್ನು ಇಟ್ಟುಕೊಂಡವು. ಬರೆದದ್ದು ಸುಳ್ಳಾಗಿದ್ದರೆ ಸುಳ್ಳನ್ನೇ ಇಟ್ಟುಕೊಂಡವು, ಆದರೆ ಆ ಸುಳ್ಳಿಗೆ ಒಬ್ಬ ಒಡೆಯನಿದ್ದ. ಜನರೇಟಿವ್ ಎಐ ಹಾಗಲ್ಲ. ಅಪಾರ ಬರಹವನ್ನು ಓದಿ, ಯಾವ ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚು ಎಂದು ಕಲಿತ ಯಂತ್ರ ಅದು. ಹುಳ ತಿಂದ ಜಾಗ ಕಂಡರೆ ‘ಇಲ್ಲಿ ಓದಲಾಗುತ್ತಿಲ್ಲ’ ಎಂದು ಹೇಳುವುದಕ್ಕಿಂತ ಒಪ್ಪುವ ಮಾತೊಂದನ್ನು ಕೂರಿಸುವುದು ಅದಕ್ಕೆ ಸಹಜ. ಹೊರಗಿನ ಕನ್ನಡದಲ್ಲಿ ‘ಖರೀದಿ’ ಸಾವಿರ ಸಲ ಬರುತ್ತದೆ, ‘ಖರಾಬು’ ಅಪರೂಪ. ನನ್ನ ಪುಟದಲ್ಲಿ ಆದದ್ದು ಇದೇ ಇರಬೇಕು.

ಕಚೇರಿಗಳಲ್ಲಿ ಈಗಾಗಲೇ ಇಂಥವು ಆಗಿವೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್ ಕೊನೆಯಲ್ಲಿ ಹೊರಡಿಸಿದ ಒಂದು ಆದೇಶದಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖವಿದ್ದುದು ಬಯಲಾಗಿ, ಆದೇಶವನ್ನೇ ಹಿಂಪಡೆಯಬೇಕಾಯಿತು. 2025ರ ಜುಲೈಯಲ್ಲಿ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ನಮನ ಸಲ್ಲಿಸಿದ ಕನ್ನಡದ ಸುದ್ದಿ, ಫೇಸ್‌ಬುಕ್ಕಿನ ಯಂತ್ರಾನುವಾದದಲ್ಲಿ ಮುಖ್ಯಮಂತ್ರಿಯೇ ತೀರಿಕೊಂಡಂತೆ ಕಾಣಿಸಿತು. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಮೆಟಾ ಕಂಪನಿಗೆ ಪತ್ರ ಬರೆದರು, ಕಂಪನಿ ತಪ್ಪೊಪ್ಪಿಕೊಂಡು ಸರಿಪಡಿಸಿತು. ಮುಖ್ಯಮಂತ್ರಿಯ ಬಗ್ಗೆ ತಪ್ಪಾದರೆ ಎರಡು ದಿನದಲ್ಲಿ ತಿದ್ದುಪಡಿ ಬರುತ್ತದೆ. ತುರುವೇಕೆರೆಯ ಒಬ್ಬ ಹೆಂಗಸಿನ ಪಹಣಿಯಲ್ಲಿ ಇಂಥ ತಪ್ಪಾದರೆ ಯಾರು ಯಾರಿಗೆ ಪತ್ರ ಬರೆಯುತ್ತಾರೆ?

ಕನ್ನಡದಲ್ಲಿ ಈ ಅಪಾಯ ಹೆಚ್ಚು ಎನ್ನುವುದಕ್ಕೆ ನಮ್ಮ ಕಚೇರಿಗಳ ಚರಿತ್ರೆಯೇ ಒಂದು ಕಾರಣ. 1963ರ ರಾಜಭಾಷಾ ಕಾಯ್ದೆಯ ನಂತರ, ವಿಶೇಷವಾಗಿ ಎಪ್ಪತ್ತರ ದಶಕದಿಂದೀಚೆಗೆ, ಕನ್ನಡ ಕಚೇರಿಗೆ ಬಂತು. ಬೆರಳಚ್ಚು ಯಂತ್ರದಲ್ಲಿ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿ ಲಕ್ಷಾಂತರ ಆದೇಶ, ಟಿಪ್ಪಣಿ, ವರದಿ ಬರೆಯಲಾಯಿತು. ಆದರೆ ಬೆರಳಚ್ಚಿನ ಹಾಳೆಗಳು ಕಡತದಲ್ಲಿ ಕಟ್ಟುಬಿದ್ದಿವೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಬರಹವನ್ನು ಅದರ ಅಕ್ಷರವಿನ್ಯಾಸವಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ತರಿ, ಖುಷ್ಕಿ, ಬಾಗಾಯ್ತು, ಪೋಡಿ, ಜಮಾಬಂದಿ ಎಂಬ ಮಾತುಗಳು ಜೀವಂತವಾಗಿ ಓಡಾಡಿದ ಆ ಬರಹದ ಬಹುಭಾಗ ಎಐ ಓದಿದ ರಾಶಿಯಲ್ಲಿ ಇರಲಾರದು. ಅದಕ್ಕೆ ಪತ್ರಿಕೆಯ ಕನ್ನಡ ಗೊತ್ತು, ಪಹಣಿಯ ಕನ್ನಡ ಅಷ್ಟಾಗಿ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೂ ಅದೇ ಧಾಟಿಯಲ್ಲಿ ಹೇಳುತ್ತದೆ.

ಯಂತ್ರದ ಮಾತನ್ನು ಸಂಸ್ಥೆ ತನ್ನ ನೌಕರರ ಮಾತಿಗಿಂತ ಮೇಲೆ ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಉದಾಹರಣೆ ಇದೆ. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಬಂತು. ಅದು ತೋರಿಸಿದ ಕೊರತೆಗೆ ಸಣ್ಣ ಊರುಗಳ ಅಂಚೆ ನಿರ್ವಾಹಕರನ್ನು ಹೊಣೆ ಮಾಡಿ, 2015ರವರೆಗೆ ಒಂಬೈನೂರಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಯಾಯಿತು. ತಪ್ಪು ತಂತ್ರಾಂಶದಲ್ಲಿತ್ತು. 2024ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ಆ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು. ಅದರಲ್ಲಿ ಎಐ ಇರಲಿಲ್ಲ, ಬರೀ ಕೂಡಿಸಿ ಕಳೆಯುವ ಯಂತ್ರ. ಕೂಡಿಸಿ ಕಳೆಯುವ ಯಂತ್ರದ ಎದುರೇ ‘ಇದು ತಪ್ಪು’ ಎಂದವರ ಮಾತು ನಡೆಯಲಿಲ್ಲ.

ಆದ್ದರಿಂದ ನಮ್ಮ ಗ್ರಾಮ ಆಡಳಿತಾಧಿಕಾರಿಗಳು, ಶಿರಸ್ತೇದಾರರು, ನಾಡಕಚೇರಿಯ ಗುಮಾಸ್ತರು ಎಐಗೆ ಸಿದ್ಧರೇ ಎಂದು ಕೇಳುವವರು ಅವರ ವಯಸ್ಸು, ಉತ್ಸಾಹ, ಟೈಪಿಂಗ್ ವೇಗವನ್ನು ಅಳೆದರೆ ಸಾಲದು. ಎಐ ಕರಡಿನಲ್ಲಿ ‘ಇದು ಅಂದಾಜು’ ಎಂಬ ಗುರುತು ಇರುತ್ತದೆಯೇ? ಮೂಲದೊಂದಿಗೆ ತಾಳೆ ನೋಡಲು ಅವರಿಗೆ ಸಮಯ ಕೊಡುತ್ತೀರಾ, ಅಥವಾ ಎಐ ಬಂತೆಂದು ಇನ್ನೂ ನಾಲ್ಕು ಆ್ಯಪ್ ಹೊರಿಸುತ್ತೀರಾ? ಎಐ ಹೇಳಿದ್ದು ನೆಲದ ಮೇಲೆ ಹಾಗಿಲ್ಲ ಎಂದು ಬರೆದ ನೌಕರನಿಗೆ ಬೆಂಬಲ ಸಿಗುತ್ತದೆಯೇ, ನೋಟಿಸು ಬರುತ್ತದೆಯೇ? ಭೂಮಿಯಲ್ಲಿದ್ದಂತೆ, ಯಂತ್ರ ಬರೆದದ್ದು ಯಾವುದು, ಮನುಷ್ಯ ತಿದ್ದಿದ್ದು ಯಾವುದು ಎಂದು ಆಮೇಲೆ ಬೇರ್ಪಡಿಸಿ ನೋಡಬಹುದೇ? ಇವಕ್ಕೆ ಉತ್ತರವಿದ್ದರೆ ನಮ್ಮ ನೌಕರರು ಒಗ್ಗಿಕೊಳ್ಳುತ್ತಾರೆ. ಭೂಮಿಗೆ ಒಗ್ಗಿಕೊಂಡವರು ಅವರೇ.

ನಾನು ಎಐ ಬಿಟ್ಟಿಲ್ಲ. ನೂರಾರು ಪುಟಗಳಲ್ಲಿ ಎಲ್ಲಿ ಏನಿದೆ ಎಂದು ಹುಡುಕಲು ಅದು ನನಗೆ ನೆರವಾಗುತ್ತದೆ. ಆದರೆ ಅದು ಓದಿಕೊಟ್ಟದ್ದನ್ನೆಲ್ಲ ಈಗ ಬೂದು ಬಣ್ಣದ ಅಕ್ಷರದಲ್ಲಿ ಇಟ್ಟುಕೊಳ್ಳುತ್ತೇನೆ. ಮೂಲ ನೋಡಿದ ಮೇಲೆ ಮಾತ್ರ ಕಪ್ಪು ಮಾಡುತ್ತೇನೆ. ಮೂರನೆಯ ಅಧ್ಯಾಯದ ಅರ್ಧ ಇನ್ನೂ ಬೂದಾಗಿಯೇ ಇದೆ, ಮಾರ್ಗದರ್ಶಕರು ಯಾಕಿಷ್ಟು ತಡ ಎಂದು ಕೇಳುತ್ತಿದ್ದಾರೆ.

ಹೋದ ತಿಂಗಳು ಆ ಊರಿಗೆ ಹೋಗಿ ಬಂಡಿ ಹಾದಿಯನ್ನು ನೋಡಿ ಬಂದೆ. ಎರಡೂ ಕಡೆ ತೆಂಗು, ನಡುವೆ ಟ್ರ್ಯಾಕ್ಟರ್ ಹಿಡಿಸುವಷ್ಟು ಜಾಗ. ಒಬ್ಬಾಕೆ ತಲೆಯ ಮೇಲೆ ಸೋಗೆಯ ಹೊರೆ ಇಟ್ಟುಕೊಂಡು ಎದುರಿಗೆ ಬಂದರು. “ಅಳತೆಗೆ ಬಂದಿದ್ದೀರೇನವ್ವ?” ಎಂದು ಗಾಬರಿಯಿಂದ ಕೇಳಿದರು. ಇಲ್ಲಮ್ಮ, ಸುಮ್ಮನೆ ನೋಡಲು ಬಂದೆ ಎಂದೆ. ನಂಬಿದಂತೆ ಕಾಣಲಿಲ್ಲ. ಕೈಯಲ್ಲಿ ಕಾಗದ ಹಿಡಿದು ತೋಟದ ಕಡೆ ಬಂದವರನ್ನು ಆ ಊರು ಸುಮ್ಮನೆ ನಂಬುವುದಿಲ್ಲ. ಹೊರೆ ಇಳಿಸದೆ, ನಾನು ಹಾದಿಯ ತುದಿ ದಾಟುವವರೆಗೂ ಅವರು ಅಲ್ಲೇ ನಿಂತಿದ್ದರು.